ಹೊಟ್ಟೆಕಿಚ್ಚಿನ ಕೊಲೆಕಥೆಗೆ ನಗು ಸೇರಿಸುವುದು ಹೇಗೆ: ಹದಿನೈದು ನಿಮಿಷದ ಕಿರುಚಿತ್ರಕ್ಕೆ

ಡೈಲಾಗ್‌ಗೆ ಕೈ ಹಾಕುವ ಮೊದಲು ಒಂದು ಕೋಷ್ಟಕ ಎಳೆಯಿರಿ. ಪಾತ್ರ ನಾಲ್ಕು ಸಾಕು: ಗಂಡ, ಹೆಂಡತಿ, ಅವಳ ಪ್ರಿಯಕರ, ದುಡ್ಡು ಕೊಟ್ಟರೆ ಏನನ್ನೂ ಮಾಡುವ ಪತ್ತೇದಾರ. ಮೇಲ್ಗಡೆ ಪಾತ್ರಗಳು, ಪಕ್ಕಕ್ಕೆ ದೃಶ್ಯಗಳು. ಆ ಗಳಿಗೆಯಲ್ಲಿ ಯಾರು ಏನನ್ನು ನಿಜವೆಂದು ನಂಬಿದ್ದಾರೆ ಎಂದು ಒಂದೊಂದು ಮನೆಯಲ್ಲಿ ಬರೆಯಿರಿ. ಐದನೇ ಕಾಲಂ ನೋಡುಗನದು. ಅದೊಂದೇ ಪೂರ್ತಿ ತುಂಬಿರಬೇಕು.

ಉದಾಹರಣೆಗೆ, 1984ರಲ್ಲಿ ಅಮೆರಿಕದ ಚಿತ್ರಕರ್ಮಿಗಳಾದ ಕೋಯೆನ್ ಸೋದರರು ಮಾಡಿದ ಮೊದಲ ಚಿತ್ರ 'ಬ್ಲಡ್ ಸಿಂಪಲ್' ನಡೆಯುವುದು ಟೆಕ್ಸಾಸ್‌ನಲ್ಲಿ. ಬಾರ್ ಮಾಲೀಕ ಹೆಂಡತಿಯನ್ನೂ ಅವಳ ಪ್ರಿಯಕರನನ್ನೂ ಮುಗಿಸಲು ಪತ್ತೇದಾರನಿಗೆ ಹಣ ಕೊಡುತ್ತಾನೆ. ಪತ್ತೇದಾರ ಅವರಿಬ್ಬರೂ ಸತ್ತಂತೆ ಕಾಣುವ ಸುಳ್ಳು ಫೋಟೊ ತೋರಿಸಿ, ಹಣ ಪಡೆದು, ಹೆಂಡತಿಯ ಪಿಸ್ತೂಲಿನಿಂದ ಮಾಲೀಕನಿಗೇ ಗುಂಡು ಹಾರಿಸುತ್ತಾನೆ. ಪಿಸ್ತೂಲು ನೋಡಿದ ಪ್ರಿಯಕರ, ಇವಳೇ ಕೊಂದಳು ಎಂದುಕೊಂಡು ಹೆಣ ಸಾಗಿಸುತ್ತಾನೆ. ಹೆಣ ಇನ್ನೂ ಉಸಿರಾಡುತ್ತಿರುತ್ತದೆ! ಇಲ್ಲಿ ಯಾರೂ ಪೆದ್ದರಲ್ಲ, ಗೊತ್ತಿದ್ದಷ್ಟರಲ್ಲಿ ಸರಿಯಾಗಿಯೇ ನಡೆದುಕೊಳ್ಳುತ್ತಾರೆ. ಪಾತ್ರವನ್ನು ಪೆದ್ದಾಗಿಸಿದಿರೋ, ಅದು ಬರೀ ಕಾಮಿಡಿ ಟ್ರ್ಯಾಕ್ ಆಗುತ್ತದೆ. ಜೋಕು ಹೇಳಿಸಿದರೆ ಇನ್ನೂ ಕೆಟ್ಟದ್ದು.

ಇಬ್ಬರು ಎದುರು ಕೂತು ಎಲ್ಲ ಬಿಚ್ಚಿ ಮಾತಾಡಿದರೆ ಕಥೆ ಅಲ್ಲಿಗೇ ಮುಗಿಯಿತು. ಹಾಗಾಗಿ ಮಾತು ಅರ್ಧಕ್ಕೇ ನಿಲ್ಲಬೇಕು. 'ನಿನಗೋಸ್ಕರ ಎಲ್ಲ ಕ್ಲೀನ್ ಮಾಡಿದೆ' ಅಂತ ಪ್ರಿಯಕರ, 'ಏನನ್ನ?' ಅಂತ ಅವಳು. ಆ ಪ್ರಶ್ನೆಯನ್ನೂ ಅವನು ನಾಟಕ ಅಂದುಕೊಳ್ಳಬೇಕು.

ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷದ ಲೆಕ್ಕ. ಹದಿನೈದರಲ್ಲಿ ಮೂರು ಪುಟ ರಕ್ತ ಒರೆಸುವುದಕ್ಕೇ ಇಡಿ, ಮಾತೇ ಬೇಡ. ಪ್ರಿಯಕರನ ಕೈಗೆ ಹತ್ತಿಬಟ್ಟೆ ಕೊಡಬೇಡಿ, ನೈಲಾನ್ ಜಾಕೆಟ್ ಕೊಡಿ. ನೈಲಾನ್ ಅಷ್ಟಾಗಿ ಹೀರುವುದಿಲ್ಲ, ಒರೆಸಿದಷ್ಟೂ ಕಲೆ ಹರಡುತ್ತದೆ. ಬಕೆಟ್ಟಿಗೆ ಹಿಂಡಲು ಹೋದರೆ ದಾರಿಯುದ್ದಕ್ಕೂ ಹನಿ.

ನಕಲಿ ರಕ್ತಕ್ಕೆ ಒಂದು ಲೋಟ ಕಾರ್ನ್ ಸಿರಪ್ (ಮೆಕ್ಕೆಜೋಳದ ಸಿಹಿಪಾಕ), ಒಂದು ಚಮಚ ಕೆಂಪು ಫುಡ್ ಕಲರ್, ಅರ್ಧ ಚಮಚ ಕೋಕೋ ಪುಡಿ. ಕೋಕೋ ಬಿಟ್ಟರೆ ಕ್ಯಾಮೆರಾದಲ್ಲಿ ಕುಂಕುಮದ ನೀರಿನ ಹಾಗೆ ಕಾಣುತ್ತದೆ. ಫುಡ್ ಕಲರ್ ಬಟ್ಟೆಗೆ ಹಿಡಿದರೆ ಬಿಡುವುದಿಲ್ಲ, ಒಂದೇ ಬಗೆಯ ಮೂರು ಅಂಗಿ ಇಟ್ಟುಕೊಳ್ಳಿ. ಶಾಟ್ ಮುಗಿದ ಕೂಡಲೇ ಬಿಸಿನೀರಿನಲ್ಲಿ ನೆಲ ಒರೆಸಿ, ಇಲ್ಲದಿದ್ದರೆ ರೀಟೇಕ್ ಹೊತ್ತಿಗೆ ಹೆಣದ ಸುತ್ತ ಇರುವೆ ಸಾಲುಗಟ್ಟಿರುತ್ತದೆ.