ಎಂಜಿಬಿ ಕ್ಲಚ್ ಮನೆಯಲ್ಲೇ ಬದಲಿಸುವುದು ಹೇಗೆ? ಕೊನೆಯ ಅರ್ಧ ಇಂಚಿನಲ್ಲಿ ಎಡವಬೇಡಿ

ಹೊಸ ಕ್ಲಚ್ ಹಾಕಿ ಮತ್ತೆ ಸೇರಿಸುವಾಗ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಅರ್ಧ ಇಂಚು ಸಂದು ಉಳಿದಿರುತ್ತದೆ. ಎಷ್ಟು ತಳ್ಳಿದರೂ ಕೂರುವುದಿಲ್ಲ. ಆಗ ಕೈ ತಾನಾಗಿ ಸ್ಪ್ಯಾನರ್ ಕಡೆ ಹೋಗುತ್ತದೆ. ನಾಲ್ಕು ಬೋಲ್ಟ್ ಹಾಕಿ ಬಿಗಿದರೆ ಎರಡೂ ಹತ್ತಿರ ಬರುತ್ತವಲ್ಲ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ದಿನ ಬೆವರು ಸುರಿಸಿ ಮಾಡಿದ ಕೆಲಸ ಈ ಹತ್ತು ನಿಮಿಷದಲ್ಲಿ ಹಾಳಾಗಿದ್ದನ್ನು ನಾನು ಒಂದಲ್ಲ, ಮೂರು ಸಲ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಈ ಲೇಖನ ಬರೆಯುತ್ತಿರುವುದೇ ಅದಕ್ಕಾಗಿ.

ಇಲ್ಲಿ ಹೇಳುತ್ತಿರುವುದು ಎಂಜಿಬಿ ಬಗ್ಗೆ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ, 1798 ಸಿಸಿಯ ನಾಲ್ಕು ಸಿಲಿಂಡರ್ ಕಾರು. ಅದೇ ಕಾಲದ ಟ್ರಯಂಫ್ ಸ್ಪಿಟ್‌ಫೈರ್‌ನಲ್ಲಿ ಗೇರ್‌ಬಾಕ್ಸನ್ನು ಕಾರಿನ ಒಳಗಡೆಯಿಂದಲೇ ಎತ್ತಿ ತೆಗೆಯಬಹುದು. ಎಂಜಿಬಿಯಲ್ಲಿ ಆ ಅನುಕೂಲ ಇಲ್ಲ. ಕ್ಲಚ್ ಮುಟ್ಟಬೇಕೆಂದರೆ ಎಂಜಿನ್ ಹೊರಗೆ ಬರಲೇಬೇಕು.

ಮೊದಲು ಕಾಯಿಲೆ ಯಾವುದೆಂದು ನೋಡಿ

ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿ, ಕಾರಿನ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಪ್ಲೇಟ್ ಸವೆದಿದೆ, ಇಲ್ಲವೇ ಅದಕ್ಕೆ ಎಣ್ಣೆ ತಾಗಿದೆ. ಎಂಜಿನ್ ಇಳಿಸಲೇಬೇಕು.

ಗೇರ್ ಬೀಳುವುದಿಲ್ಲ, ರಿವರ್ಸ್ ಹಾಕಿದರೆ ಕರಕರ ಎನ್ನುತ್ತದೆ ಎಂದಾದರೆ ಅದು ಬೇರೆ ಕಥೆ. ಪೆಡಲನ್ನೂ, ಪೆಡಲಿನ ಒತ್ತಡವನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನ ರಾಡನ್ನೂ ಸೇರಿಸುವ ಕ್ಲೆವಿಸ್ ಪಿನ್ ತೆಗೆದು ನೋಡಿ. ಪಿನ್ ಸವೆದು, ಪೆಡಲಿನ ತೂತು ಮೊಟ್ಟೆಯಾಕಾರ ಆಗಿರುವುದು ಈ ಕಾರುಗಳಲ್ಲಿ ತೀರಾ ಸಾಮಾನ್ಯ. ಆಮೇಲೆ ಒಬ್ಬರಿಗೆ ಪೆಡಲ್ ಒತ್ತಲು ಹೇಳಿ, ಗೇರ್‌ಬಾಕ್ಸ್ ಪಕ್ಕ ಕೂತು ಆ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರಿನ ರಾಡ್ ಎಷ್ಟು ಚಲಿಸುತ್ತದೆ ಅಂತ ಕೆಳಗಿನಿಂದ ಅಳೆಯಿರಿ. ಸುಮಾರು ಅರ್ಧ ಇಂಚು ಇರಬೇಕು. ಅದಕ್ಕಿಂತ ತುಂಬಾ ಕಡಿಮೆ ಇದ್ದರೆ ತೊಂದರೆ ಇರುವುದು ಹೈಡ್ರಾಲಿಕ್ಸ್‌ನಲ್ಲಿ. ಒಂದು ಸಣ್ಣ ಪಿನ್ನಿಗಾಗಿ ಸುಮ್ನೆ ಎಂಜಿನ್ ಇಳಿಸಿದವರೂ ಇದ್ದಾರೆ.

ಇಳಿಸುವುದು

ಎಂಜಿನ್ ಒಂದನ್ನೇ ತೆಗೆಯಬಹುದು, ಗೇರ್‌ಬಾಕ್ಸ್ ಜೊತೆಗೂ ತೆಗೆಯಬಹುದು. ಎರಡನ್ನೂ ಒಟ್ಟಿಗೇ ತೆಗೆಯಿರಿ. ತೆಗೆಯುವಾಗ ಕಷ್ಟ ಸ್ವಲ್ಪ ಜಾಸ್ತಿ, ಆದರೆ ಮತ್ತೆ ಸೇರಿಸುವ ನಾಜೂಕಿನ ಕೆಲಸವನ್ನು ನೆಲದ ಮೇಲೆ, ಬೆಳಕಿನಲ್ಲಿ, ನಾಲ್ಕೂ ಕಡೆಯಿಂದ ನೋಡುತ್ತಾ ಮಾಡಬಹುದು.

ಬ್ಯಾಟರಿ ಸಂಪರ್ಕ, ಬಾನೆಟ್, ರೇಡಿಯೇಟರ್, ಕಾರ್ಬ್ಯುರೇಟರ್, ಎಕ್ಸಾಸ್ಟ್, ಸ್ಟಾರ್ಟರ್, ಗೇರ್ ಲಿವರ್, ಪ್ರೊಪೆಲ್ಲರ್ ಶಾಫ್ಟ್, ಸ್ಪೀಡೋಮೀಟರ್ ಕೇಬಲ್, ವೈರುಗಳು: ಇವೆಲ್ಲ ಬಿಚ್ಚುವ ಕೆಲಸ ಅಷ್ಟೇ. ಪ್ರತಿ ವೈರಿಗೂ ಚೀಟಿ ಅಂಟಿಸಿ. ಸ್ಲೇವ್ ಸಿಲಿಂಡರನ್ನು ಪೈಪ್ ಸಮೇತ ಬಿಚ್ಚಿ ಪಕ್ಕಕ್ಕೆ ಕಟ್ಟಿ. ಆಮೇಲೆ ಯಾರೂ ಪೆಡಲ್ ಒತ್ತಬಾರದು, ಪಿಸ್ಟನ್ ಹೊರಗೆ ಬಿದ್ದುಬಿಡುತ್ತದೆ. ಗೇರ್‌ಬಾಕ್ಸ್ ಎಣ್ಣೆಯನ್ನು ಮೊದಲೇ ಇಳಿಸಿ. ಇಲ್ಲದಿದ್ದರೆ ಓರೆಯಾಗಿ ಎತ್ತುವಾಗ ಅಷ್ಟೂ ಎಣ್ಣೆ ಹಿಂದಿನಿಂದ ನೆಲಕ್ಕೆ ಸುರಿಯುತ್ತದೆ. ಗೇರ್‌ಬಾಕ್ಸ್ ಕೆಳಗಿನ ಅಡ್ಡಪಟ್ಟಿ ಬಿಚ್ಚುವ ಮುನ್ನ ಗೇರ್‌ಬಾಕ್ಸ್‌ಗೆ ಜಾಕ್ ಕೊಡಿ. ಎರಡೂ ಸೇರಿ ಭಾರ ಇನ್ನೂರು ಕೆಜಿಯ ಆಸುಪಾಸು ಇರುತ್ತದೆ. ಸರಿಯಾದ ಹಾಯ್ಸ್ಟ್ ಬಾಡಿಗೆಗೆ ತನ್ನಿ. ತೂಗುತ್ತಿರುವ ಎಂಜಿನ್ ಕೆಳಗೆ ಯಾರೂ ಕೈಕಾಲು ಇಡಬಾರದು.

ಬಿಚ್ಚಿದ ಮೇಲೆ

ಈಗ ಗೇರ್‌ಬಾಕ್ಸನ್ನು ಎಂಜಿನ್‌ನಿಂದ ಬೇರ್ಪಡಿಸಿ ಕ್ಲಚ್ ಬಿಚ್ಚಿ. ಹಳೆಯ ಕ್ಲಚ್ ಪ್ಲೇಟಿನಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಇದೆ. ಆ ಕಪ್ಪು ಧೂಳನ್ನು ಗಾಳಿ ಹೊಡೆದು ಊದಬೇಡಿ. ಒಳ್ಳೆಯ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಕವರಿನಲ್ಲಿ ಕಟ್ಟಿಡಿ.

ಎಂಜಿನ್ ಹಿಂಬದಿಯ ಭಾರದ ಚಕ್ರ, ಅಂದರೆ ಫ್ಲೈವೀಲ್ ಮೇಲೆ ನೀಲಿ ಕಲೆ, ಕೂದಲೆಳೆಯ ಬಿರುಕು ಕಂಡರೆ ಲೇತ್‌ಗೆ ಕಳಿಸಿ. ಬರೀ ಹೊಳಪು ಬಂದಿದ್ದರೆ ಮರಳು ಕಾಗದದಲ್ಲಿ ಉಜ್ಜಿದರೆ ಸಾಕು. ಸುತ್ತ ಎಣ್ಣೆ ಜಿನುಗಿದ್ದರೆ ಹಿಂಬದಿಯ ಆಯಿಲ್ ಸೀಲನ್ನೂ ಈಗಲೇ ಬದಲಿಸಿ. ಮೊದಲ ವರ್ಷಗಳ, ಕ್ರ್ಯಾಂಕ್‌ಶಾಫ್ಟ್ ಮೂರೇ ಬೇರಿಂಗ್ ಮೇಲೆ ತಿರುಗುವ ಎಂಜಿನ್‌ಗಳಲ್ಲಿ ಆ ಸೀಲ್ ಇಲ್ಲ, ಎಣ್ಣೆಯನ್ನು ಹಿಂದಕ್ಕೆ ತಳ್ಳುವ ಸುರುಳಿಗೆರೆ ಮಾತ್ರ ಇದೆ. ಅವು ಸ್ವಲ್ಪ ಜಿನುಗುವುದು ಸಹಜ.

ಕ್ರ್ಯಾಂಕ್‌ಶಾಫ್ಟ್ ತುದಿಯಲ್ಲಿ, ಗೇರ್‌ಬಾಕ್ಸ್ ಶಾಫ್ಟಿನ ಮೂತಿ ಕೂರುವ ಪುಟ್ಟ ಸ್ಪಿಗಟ್ ಬುಷ್ ಬದಲಿಸದೆ ಬಿಡಬೇಡಿ. ಒಳಗೆ ಗ್ರೀಸ್ ತುಂಬಿ, ಅದೇ ಅಳತೆಯ ಸರಳು ಇಟ್ಟು ಸುತ್ತಿಗೆಯಲ್ಲಿ ಹೊಡೆದರೆ ಗ್ರೀಸಿನ ಒತ್ತಡಕ್ಕೆ ಹಳೆಯ ಬುಷ್ ಹೊರಬರುತ್ತದೆ. ಆ ಗ್ರೀಸನ್ನು ಪೂರ್ತಿ ಒರೆಸಿ. ಹೊಸ ಬುಷ್ ಎಣ್ಣೆ ಹೀರುವ ಕಂಚಿನದ್ದು. ಒಂದು ದಿನ ಎಂಜಿನ್ ಆಯಿಲ್‌ನಲ್ಲಿ ನೆನೆಸಿಟ್ಟು ಹಾಕಿ.

ಪೆಡಲ್ ಒತ್ತಿದಾಗ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್ ಬಗ್ಗೆ ಒಂದು ಮಾತು. ಎಂಜಿಬಿಗೆ ಕಾರ್ಖಾನೆಯಿಂದ ಬಂದದ್ದು ಕಾರ್ಬನ್ ಬೇರಿಂಗ್. ಅದರ ಬದಲು ರೋಲರ್ ಬೇರಿಂಗ್ ಹಾಕಿ ಎನ್ನುವ ಕಿಟ್‌ಗಳು ಸಿಗುತ್ತವೆ. ಬೇಡ. ಇಲ್ಲಿ ಬೇರಿಂಗ್ ತನ್ನನ್ನು ತಳ್ಳುವ ಸನ್ನೆಯಾದ ಫೋರ್ಕಿನ ಜೊತೆ ಕಮಾನಿನಂತೆ ಚಲಿಸುತ್ತದೆ, ನೇರ ಸಾಗುವುದಿಲ್ಲ. ಆ ಚಲನೆಗೆ ಕಾರ್ಬನ್ನೇ ಸರಿ. ಹಾಕುವಾಗ ಎರಡೂ ಕ್ಲಿಪ್ ಸರಿಯಾಗಿ ಕೂತಿವೆಯೇ ನೋಡಿ.

ಸೇರಿಸುವುದು: ಇಲ್ಲಿ ನಿಧಾನ

ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿಯುವ ಹೊಸ ಪ್ರೆಶರ್ ಪ್ಲೇಟಿನ ಮೇಲೆ ತುಕ್ಕು ತಡೆಯುವ ಎಣ್ಣೆ ಸವರಿರುತ್ತಾರೆ. ಬ್ರೇಕ್ ಕ್ಲೀನರ್‌ನಿಂದ ಅದನ್ನೂ ಫ್ಲೈವೀಲನ್ನೂ ಒರೆಸಿ. ಕೈ ತೊಳೆದು ಬನ್ನಿ. ಕ್ಲಚ್ ಪ್ಲೇಟಿನಲ್ಲಿ ಫ್ಲೈವೀಲ್ ಕಡೆ ಯಾವುದೆಂದು ಬರೆದಿರುತ್ತದೆ. ಸಾಮಾನ್ಯವಾಗಿ ಸ್ಪ್ರಿಂಗ್ ಇರುವ ಉಬ್ಬು ಭಾಗ ಗೇರ್‌ಬಾಕ್ಸ್ ಕಡೆ ಬರಬೇಕು. ತಿರುವುಮುರುವು ಹಾಕಿದರೆ ಎಲ್ಲ ಜೋಡಿಸಿದ ಮೇಲಷ್ಟೇ ಗೊತ್ತಾಗುತ್ತದೆ.

ಪ್ಲೇಟ್ ನಟ್ಟನಡುವೆ ಕೂರಬೇಕು. ಕಿಟ್ ಜೊತೆ ಬರುವ ಪ್ಲಾಸ್ಟಿಕ್ ಕಡ್ಡಿ ಅಲುಗಾಡಿದರೆ ಅದನ್ನು ನಂಬಬೇಡಿ. ನಿಮ್ಮ ಕಾರಿನ ಕಾಲದ್ದೇ ಹಳೆಯ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಪ್ಲೇಟಿನ ನಡುವೆ ತೂರುವ ಮುಂಬದಿಯ ದಂಡ) ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಶಾಫ್ಟ್ ಸ್ಪಿಗಟ್ ಬುಷ್ ತನಕ ಹೋಗಿರಲಿ. ಪ್ರೆಶರ್ ಪ್ಲೇಟ್ ಕವರಿನ ಬೋಲ್ಟ್‌ಗಳನ್ನು ಎದುರುಬದುರಾಗಿ, ಒಂದು ಸಲಕ್ಕೆ ಅರ್ಧ ಸುತ್ತು ಮಾತ್ರ ಬಿಗಿಯಿರಿ. ಒಂದು ಪಕ್ಕವನ್ನೇ ಬಿಗಿದರೆ ಕವರ್ ಸೊಟ್ಟಗಾಗುತ್ತದೆ. ಕೊನೆಗೆ ಟಾರ್ಕ್ ವ್ರೆಂಚಿನಲ್ಲಿ 25ರಿಂದ 30 ಪೌಂಡ್-ಅಡಿ. ಆಮೇಲೆ ಶಾಫ್ಟನ್ನು ಎರಡು ಬೆರಳಲ್ಲಿ ಎಳೆದು ನೋಡಿ. ಸಲೀಸಾಗಿ ಹೊರಬಂದು, ಸಲೀಸಾಗಿ ಒಳಹೋಗಬೇಕು.

ಈಗ ಎರಡು ಉದ್ದ ಬೋಲ್ಟ್ ತಲೆ ಕತ್ತರಿಸಿ, ಎಂಜಿನ್ ಹಿಂಬದಿಯ ಎರಡು ಎದುರು ತೂತುಗಳಲ್ಲಿ ಕೂರಿಸಿ. ಗೇರ್‌ಬಾಕ್ಸ್ ಇವುಗಳ ಮೇಲೆ ಹಳಿಯ ಮೇಲಿನಂತೆ ಜಾರಿ ಬರುತ್ತದೆ. ಇನ್‌ಪುಟ್ ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಸವರಿ, ಜಾಸ್ತಿಯಾದದ್ದನ್ನು ಒರೆಸಿಬಿಡಿ. ಗೇರ್‌ಬಾಕ್ಸನ್ನು ಟಾಪ್ ಗೇರಿನಲ್ಲಿಡಿ. ಒಬ್ಬರು ತಳ್ಳಲಿ, ಇನ್ನೊಬ್ಬರು ಪ್ರೊಪೆಲ್ಲರ್ ಶಾಫ್ಟ್ ಸೇರುವ ಹಿಂಬದಿಯ ಫ್ಲಾಂಜನ್ನು ಮೆಲ್ಲಗೆ ತಿರುಗಿಸುತ್ತಿರಲಿ. ಹಲ್ಲು ಹಲ್ಲಿಗೆ ಕೂತಾಗ ಕೈಗೇ ತಿಳಿಯುತ್ತದೆ.

ಇಷ್ಟಾದ ಮೇಲೂ ಆ ಅರ್ಧ ಇಂಚು ಉಳಿದರೆ? ಸಂದಿನಲ್ಲಿ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಬೆರಳಿಟ್ಟು ನೋಡಿ. ಮೇಲ್ಗಡೆ ಅಗಲ ಇದ್ದರೆ ಗೇರ್‌ಬಾಕ್ಸಿನ ಬಾಲ ತಗ್ಗಿದೆ, ಎತ್ತಿ. ಕೆಳಗಡೆ ಅಗಲ ಇದ್ದರೆ ಇಳಿಸಿ. ನಾಲ್ಕೂ ಕಡೆ ಒಂದೇ ಸಮ ಆದಾಗ ಸ್ವಲ್ಪ ಅಲುಗಾಡಿಸಿ ತಳ್ಳಿದರೆ ಟಕ್ಕೆಂದು ಕೂರುತ್ತದೆ. ಕೂರದಿದ್ದರೆ ಹಿಂದಕ್ಕೆಳೆದು ಪ್ಲೇಟ್ ಮತ್ತೆ ನಡುವಿಗೆ ತನ್ನಿ. ಬೋಲ್ಟ್ ಬಿಗಿದು ಎಳೆದರೆ ಪ್ಲೇಟಿನ ನಡುಭಾಗ ಬಗ್ಗುತ್ತದೆ, ಬುಷ್ ಜಜ್ಜಿಹೋಗುತ್ತದೆ. ಗೇರ್‌ಬಾಕ್ಸಿನ ಭಾರ ಒಂದು ಕ್ಷಣವೂ ಇನ್‌ಪುಟ್ ಶಾಫ್ಟಿನ ಮೇಲೆ ತೂಗಬಾರದು.

ವಾಪಸ್ ಕಾರಿಗೆ

ಬಿಚ್ಚಿದ ಹಾಗೇ ಜೋಡಿಸಿ. ಅಡ್ಡಪಟ್ಟಿ ಕಾಡುತ್ತದೆ. ಅದರ ಎಲ್ಲ ಬೋಲ್ಟ್‌ಗಳನ್ನು ಸಡಿಲವಾಗಿ ಹಾಕಿಕೊಂಡು, ಆಮೇಲೆ ಬಿಗಿಯಿರಿ.

ಕ್ಲಚ್‌ನ ರಬ್ಬರ್ ಪೈಪ್ ಹಳೆಯದಾಗಿದ್ದರೆ ಹೊಸದು ಹಾಕಿ. ಗಾಳಿ ತೆಗೆಯಲು ಪೆಡಲ್ ಒತ್ತಿ ಒತ್ತಿ ಸುಸ್ತಾಗಬೇಡಿ. ಮಾಸ್ಟರ್ ಸಿಲಿಂಡರ್ ಡಬ್ಬಿಯನ್ನು ಅರ್ಧ ಖಾಲಿ ಮಾಡಿ, ಸ್ವಚ್ಛವಾದ ಎಣ್ಣೆಕ್ಯಾನಿನಲ್ಲಿ ಬ್ರೇಕ್ ಫ್ಲೂಯಿಡ್ ತುಂಬಿ, ಸ್ಲೇವ್ ಸಿಲಿಂಡರಿನ ಗಾಳಿ ತೆಗೆಯುವ ನಿಪ್ಪಲ್‌ನಿಂದ ಮೇಲಕ್ಕೆ ಒತ್ತಿ. ಗಾಳಿಗೆ ಮೇಲೇರುವುದೇ ಇಷ್ಟ, ಬೇಗ ಹೋಗುತ್ತದೆ. ಪೇಂಟ್ ಮೇಲೆ ಫ್ಲೂಯಿಡ್ ಬಿದ್ದರೆ ಕೂಡಲೇ ನೀರಲ್ಲಿ ತೊಳೆಯಿರಿ.

ಮೊದಲ ಕೆಲವು ನೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ, ಹೊಸ ಪ್ಲೇಟ್ ಹದಕ್ಕೆ ಬರಲಿ. ಸಿಗ್ನಲ್‌ನಲ್ಲಿ ಕ್ಲಚ್ ಒತ್ತಿಕೊಂಡು ಕಾಯಬೇಡಿ. ನ್ಯೂಟ್ರಲ್‌ಗೆ ತಂದು ಕಾಲು ತೆಗೆಯಿರಿ. ಪೆಡಲ್ ಒತ್ತಿದಷ್ಟು ಹೊತ್ತೂ ಆ ಕಾರ್ಬನ್ ಬೇರಿಂಗ್ ಸವೆಯುತ್ತಿರುತ್ತದೆ, ಅದನ್ನು ಬದಲಿಸಲು ಮತ್ತೆ ಎಂಜಿನ್ನೇ ಇಳಿಸಬೇಕು.