ಶನಿವಾರ ರಾತ್ರಿ ಕೈತುತ್ತು ಹಾಕುವುದು ಹೇಗೆ?

ಒಟ್ಟಿಗೆ ಕೂತು ಉಣ್ಣೋಣವೆಂದು ನಾವು ಊಟದ ಮೇಜು ತಂದೆವು. ಈಗ ಅದರ ಮೇಲೆ ಇಸ್ತ್ರಿಯ ಬಟ್ಟೆ ಬಿದ್ದಿರುತ್ತದೆ. ಒಬ್ಬರು ಟೀವಿಯ ಮುಂದೆ, ಒಬ್ಬರು ಲ್ಯಾಪ್‌ಟಾಪಿನ ಮುಂದೆ ಉಣ್ಣುವ ಮನೆಯಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದು ಅಜ್ಜಿಯರ ಕಾಲದ ಕೈತುತ್ತು. ಅದರ ಗುಟ್ಟು ಇಷ್ಟೇ: ತುತ್ತು ನುಂಗಿದ ಮೇಲೆ ಮತ್ತೆ ಸರದಿ ಬರುವತನಕ ಬಾಯಿ ಖಾಲಿ. ಅನ್ನ ಮೆತ್ತಿದ ಕೈಯಲ್ಲಿ ಮೊಬೈಲ್ ಮುಟ್ಟುವಂತಿಲ್ಲ. ಮಾತನಾಡದೆ ಬೇರೆ ದಾರಿಯಿಲ್ಲ.

ಮೊದಲು ಅನ್ನ. ಆರು ಮಂದಿಗೆ ಎರಡು ಪಾವು ಅಕ್ಕಿ ಸಾಕು. ಒಂದು ಲೋಟ ಅಕ್ಕಿಗೆ ಎರಡೂವರೆ, ಮೂರು ಲೋಟ ನೀರಿಟ್ಟು ಮೆತ್ತಗೆ ಬೇಯಿಸಿ. ಉದುರುದುರಾದ ಅನ್ನದಲ್ಲಿ ತುತ್ತು ನಿಲ್ಲುವುದಿಲ್ಲ. ಅಗಲವಾದ ಪರಾತಕ್ಕೆ ಸುರಿದು ಬಿಸಿ ಆರಲು ಬಿಡಿ. ಮೊಸರಿಗೆಂದು ಮೂರನೇ ಒಂದು ಪಾಲು ಎತ್ತಿಟ್ಟು, ಉಳಿದದ್ದಕ್ಕೆ ತುಪ್ಪ, ಹುಳಿ ಹಾಕಿ ಕಲಸಿ. ಹುಳಿ ಗಟ್ಟಿಯಾಗಿರಲಿ. ಹುಳಿಯಲ್ಲಿನ ನುಗ್ಗೆಕಾಯಿಯನ್ನು ಮೊದಲೇ ತೆಗೆದು ಬೇರೆ ಬಟ್ಟಲಿಗೆ ಹಾಕಿ, ಇಲ್ಲದಿದ್ದರೆ ಕಲಸುವ ಕೈಗೆ ಬರೀ ನಾರು. ಸಣ್ಣ ಮಕ್ಕಳಿದ್ದರೆ ಖಾರ ಕಡಿಮೆ ಮಾಡಿ. ದೊಡ್ಡವರಿಗೆ ಉಪ್ಪಿನಕಾಯಿ ಇದ್ದೇ ಇದೆ.

ನಂತರ ಕೂರುವುದು. ನೆಲದ ಮೇಲೆ, ದುಂಡಗೆ. ಹುಣ್ಣಿಮೆಯಾದರೆ ತಾರಸಿಗೆ ಹೋಗಿ, ಬೆಳದಿಂಗಳೂಟವೂ ಆಯಿತು. ಮಂಡಿನೋವಿನ ಹಿರಿಯರಿಗೆ ಕುರ್ಚಿ ಕೊಡಿ, ಆದರೆ ಸಾಲಿನಿಂದ ಹೊರಗೆ ಕೂರಿಸಬೇಡಿ.

ತುತ್ತು ನಿಂಬೆಹಣ್ಣಿನ ಗಾತ್ರಕ್ಕಿರಲಿ. ಹೆಬ್ಬೆರಳಿನಿಂದ ನಡುವೆ ಗುಣಿ ಮಾಡಿ, ಅದರಲ್ಲಿ ಒಂದು ಹನಿ ಗೊಜ್ಜೋ ಉಪ್ಪಿನಕಾಯಿಯ ರಸವೋ ಬಿಟ್ಟು ಅಂಗೈಯಲ್ಲಿಡಿ. ಸರದಿ ತಪ್ಪಿಸಬೇಡಿ. ಅವಸರದಲ್ಲಿರುವವರು ಮಕ್ಕಳಾದರೂ ಸರಿ, ಮನೆಯ ಯಜಮಾನರಾದರೂ ಸರಿ, ಕಾಯಲಿ.

ಇನ್ನು ಮಾತು. "ಶಾಲೆಯಲ್ಲಿ ಏನಾಯಿತು?" ಎಂದು ಕೇಳಿದರೆ "ಏನೂ ಇಲ್ಲ" ಎಂಬ ಉತ್ತರ ತಯಾರಾಗಿರುತ್ತದೆ. ಬದಲಿಗೆ ನಿಮ್ಮದೇ ಪೇಚಿನ ಪ್ರಸಂಗವೊಂದನ್ನು ಹೇಳಿ. ಬಸ್ಸಿನಲ್ಲಿ ನಿದ್ದೆ ಹೋಗಿ ಎರಡು ನಿಲ್ದಾಣ ದಾಟಿದ್ದನ್ನು ಹೇಳಿದ ದಿನವೇ ನನ್ನ ಮಗ ಕಳೆದುಹೋದ ಜ್ಯಾಮಿಟ್ರಿ ಬಾಕ್ಸಿನ ಸಂಗತಿ ಬಾಯಿಬಿಟ್ಟ. ಆಗ ಬೈಯಬೇಡಿ, ಬೈದರೆ ಮುಂದಿನ ಶನಿವಾರ ಏನೂ ಕೇಳಿಸುವುದಿಲ್ಲ. ಅಂಕ, ಸಾಲದ ಕಂತು, ನೆಂಟರ ತಕರಾರು ಪರಾತದ ಹತ್ತಿರ ಬರಕೂಡದು.

ತೀರಾ ಚಿಕ್ಕವರಿಗೆ ಕಾಗಕ್ಕ ಗುಬ್ಬಕ್ಕನ ಕಥೆಯೇ ಆಗಬೇಕು. ಮಳೆಗೆ ಸಗಣಿಯ ಮನೆ ಕರಗಿಹೋದ ಕಾಗಕ್ಕ ಬಂದು ಬಾಗಿಲು ಬಡಿದಾಗಲೆಲ್ಲ ಒಂದು ತುತ್ತು. ಗುಬ್ಬಕ್ಕ "ತಡಿ, ಮಗುವಿಗೆ ಸ್ನಾನ ಮಾಡಿಸುತ್ತಿದ್ದೇನೆ" ಎಂದು ಎಷ್ಟು ಸತಾಯಿಸುತ್ತಾಳೋ ಅಷ್ಟು ಅನ್ನ ಒಳಗೆ ಹೋಗುತ್ತದೆ. ತಾತ ಹೇಳಿದ್ದನ್ನೇ ಹೇಳಿದರೆ ತಡೆಯಬೇಡಿ. ಪ್ರತಿ ಸಲವೂ ಒಂದು ಹೊಸ ಸುಳ್ಳು ಸೇರಿರುತ್ತದೆ.

ಕಲಸುವವರು ಉಪವಾಸ ಬೀಳುವುದೊಂದೇ ಇದರ ದೋಷ, ಮತ್ತು ಅದು ಸಾಮಾನ್ಯವಾಗಿ ಅಮ್ಮನ ಪಾಲಿಗೇ ಬರುತ್ತದೆ. ಆದ್ದರಿಂದ ಮೊಸರನ್ನದ ಹೊತ್ತಿಗೆ ಪರಾತವನ್ನು ಇನ್ನೊಬ್ಬರ ಮುಂದಕ್ಕೆ ಸರಿಸಿಬಿಡಿ. ನಮ್ಮಲ್ಲಿ ಆ ಕೆಲಸ ಹತ್ತು ವರ್ಷದ ಮಗಳದು. ಅವಳ ತುತ್ತು ಟೆನಿಸ್ ಚೆಂಡಿನಷ್ಟಿರುತ್ತದೆ, ಗುಣಿ ತುಂಬ ಉಪ್ಪಿನಕಾಯಿ.