ಲಾಗ್ ತೆರೆಯುವ ಮೊದಲು ಕಾಗದದ ಮೇಲೆ ಬರೆದ ಮೂರು ಸಾಲು

ಸೋಮವಾರಪೇಟೆ ಕಡೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತಾ, ಜೊತೆಗೆ ಶಿಕ್ಷಣದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಕ್ವಿಜ್ ಎಲ್ಲಾ ಮೂಡಲ್ ಅನ್ನೋ ಆನ್‌ಲೈನ್ ಕಲಿಕಾ ತಾಣದಲ್ಲಿ. ಯಾರು ಯಾವಾಗ ಏನು ತೆರೆದರು ಅನ್ನೋದನ್ನು ಅದು ಸೆಕೆಂಡ್ ಸಮೇತ ಬರೆದಿಡುತ್ತದೆ; ಆ ದಾಖಲೆಯೇ ಲಾಗ್. ಲಾಗಿನ್ ಎಷ್ಟು, ಅಂಕ ಎಷ್ಟು ಅಂತ ಗ್ರಾಫ್ ಎಳೆಯೋಕೆ ಹತ್ತು ನಿಮಿಷ ಸಾಕು. ಅದಕ್ಕೆ ಅರ್ಥ ಹೇಳೋದೇ ತಲೆನೋವು.

ನಮ್ಮ ಕಡೆ ಜುಲೈ ಅಂದರೆ ಗೊತ್ತಲ್ವಾ. ಮರ ಬಿದ್ದು ಲೈನ್ ಹರಿದರೆ ಕರೆಂಟ್ ಯಾವಾಗ ಬರುತ್ತೋ ಹೇಳೋಕಾಗಲ್ಲ. ಆ ವಾರ ಲಾಗಿನ್ ಇಳಿದಿದ್ದನ್ನು ನೋಡಿ ‘ಆಸಕ್ತಿ ಕಡಿಮೆಯಾಗಿದೆ’ ಎಂದು ಬರೆದರೆ ಇಲ್ಲಿಯವರು ನಗುತ್ತಾರೆ. ಒಬ್ಬ ಹುಡುಗಿಯ ಲಾಗ್‌ನಲ್ಲಿ ಓದಿದ ಸಮಯ ಒಂದು ನಿಮಿಷವೂ ಇರಲಿಲ್ಲ. ಕೇಳಿದರೆ, “ಸರ್, ಲೈನ್‌ಮನೆ (ತೋಟದ ಕೆಲಸಗಾರರ ಸಾಲುಮನೆ) ಹತ್ರ ನೆಟ್‌ವರ್ಕ್ ಸಿಗಲ್ಲ. ತೋಟದ ಗೇಟ್ ಹತ್ರ ಪಿಡಿಎಫ್ ಇಳಿಸ್ಕೊಂಡು ಮನೇಲಿ ಓದ್ತೀನಿ” ಅಂದಳು.

ಹಾಗಾಗಿ ನಾನು ಕಲಿಕೆಯ ಸಿದ್ಧಾಂತದಿಂದಲೇ ಶುರು ಮಾಡಿದೆ. ಕಾಗದದ ಮೇಲೆ ಮೂರು ಸಾಲು: ಸಿದ್ಧಾಂತ ಏನನ್ನುತ್ತದೆ, ಅದು ನಿಜವಾದರೆ ಲಾಗ್‌ನಲ್ಲಿ ಏನು ಕಾಣಬೇಕು, ಏನು ಕಂಡರೆ ಅದು ಸುಳ್ಳು. ಮೂರನೇ ಸಾಲು ಬರೆಯೋಕಾಗದ ಲಾಗ್‌ನ ಕಾಲಂಗಳನ್ನೆಲ್ಲ ಬಿಟ್ಟೆ. ‘ಓದಿದ ಸಮಯ’ ಮೊದಲು ಹೋಯಿತು.

ಉಳಿದದ್ದು ಒಂದೇ ಕ್ವಿಜ್‌ನ ಎರಡು ಪ್ರಯತ್ನಗಳ ನಡುವಿನ ಗ್ಯಾಪ್. ಬಿಡುವು ಕೊಟ್ಟು ಕಲಿತರೆ ಜಾಸ್ತಿ ನೆನಪಿರುತ್ತದೆ ಎಂದು ಜರ್ಮನ್ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದರು. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಇನ್ನೊಂದು ತೋರಿಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದರೆ ಮತ್ತೆ ಮತ್ತೆ ಓದಿದವರೇ ಮುಂದೆ. ವಾರ ಬಿಟ್ಟು ಪರೀಕ್ಷಿಸಿದರೆ, ಓದಿದ್ದನ್ನು ಪರೀಕ್ಷೆ ಬರೆದು ನೆನಪಿಸಿಕೊಂಡವರು ಮುಂದೆ. ಅಂದರೆ ಅವತ್ತಿನ ಕ್ವಿಜ್ ಅಂಕ ನನಗೆ ಉಪಯೋಗಕ್ಕಿಲ್ಲ. ಹಾಗಾಗಿ ತಿಂಗಳಾದ ಮೇಲೆ, ಹೇಳದೆ ಕೇಳದೆ ತರಗತಿಯಲ್ಲೇ ಪೇಪರ್ ಮೇಲೆ ಟೆಸ್ಟ್ ಕೊಟ್ಟೆ.

ಲಾಗ್‌ನ ಸಾಲುಗಳು ಆಗ ಮಾತಾಡತೊಡಗಿದವು. ಮಾನಕ ವಿಚಲನೆಯ ಒಂದೇ ಕ್ವಿಜ್. ಒಬ್ಬ ಒಂದೇ ನಿಮಿಷದಲ್ಲಿ ಎ, ಬಿ, ಸಿ, ಡಿ ಅಂತ ಒತ್ತುತ್ತಾ ಹೋಗಿ ಸರಿ ಮಾಡಿದ್ದಾನೆ. ಇನ್ನೊಬ್ಬಳು ಸಂಜೆ ತಪ್ಪು ಮಾಡಿ, ಎರಡು ದಿನ ಬಿಟ್ಟು ಬಂದು ಒಂದೇ ಸಲಕ್ಕೆ ಸರಿ. ಮೂಡಲ್ ವರದಿಯಲ್ಲಿ ಜಾಸ್ತಿ ‘ಚಟುವಟಿಕೆ’ ಇರೋದು ಮೊದಲನೆಯವನದೇ!

ಮಜಾ ಶುರುವಾಗಿದ್ದು ಇಲ್ಲಿಂದ. ಅವಳ ಗ್ಯಾಪ್ ಬೇಕಂತಲೇ ಬಿಟ್ಟಿದ್ದೋ, ಕರೆಂಟ್ ಹೋಗಿದ್ದಕ್ಕೋ? ನೆನಪಿನ ಸಿದ್ಧಾಂತಕ್ಕೆ ಎರಡೂ ಒಂದೇ. ಆದರೆ ಶಿಕ್ಷಣ ಮನೋವಿಜ್ಞಾನಿ ಜಿಮ್ಮರ್‌ಮನ್ ಹೇಳುವ ಸ್ವ-ನಿಯಂತ್ರಿತ ಕಲಿಕೆಯಲ್ಲಿ ಕಲಿಯುವವರೇ ಯೋಜನೆ ಹಾಕಿ, ಮಾಡಿ, ಹಿಂತಿರುಗಿ ನೋಡಬೇಕು. ಆ ಲೆಕ್ಕದಲ್ಲಿ ತಾನಾಗಿ ಬಿಟ್ಟ ಗ್ಯಾಪ್‌ಗೇ ತೂಕ ಜಾಸ್ತಿ. ಒಂದೇ ಕಾಲಂ, ಎರಡು ಸಿದ್ಧಾಂತ ನುಡಿಯುವ ಭವಿಷ್ಯ ಬೇರೆ ಬೇರೆ. ಜಿಲ್ಲಾಧಿಕಾರಿಗಳು ಮಳೆ ರಜೆ ಕೊಟ್ಟ ದಿನಗಳನ್ನು ಡೈರಿಯಲ್ಲಿ ಗುರುತು ಹಾಕಿಕೊಂಡೆ, ಊರೂರಿನ ಕರೆಂಟ್ ಕಥೆಯನ್ನು ಮಕ್ಕಳನ್ನೇ ಕೇಳಿದೆ. ಪ್ರತಿ ಗ್ಯಾಪ್ ಮುಂದೆ ‘ಮಳೆ’ ಅಥವಾ ‘ಸ್ವಂತ’ ಅಂತ ಬರೆದೆ. ಬೇಜಾರಿನ ಕೆಲಸ, ಆದರೆ ಯಾವ ಸಾಫ್ಟ್‌ವೇರೂ ಮಾಡಿಕೊಡಲ್ಲ.

ನನ್ನ ತರಗತಿಯಲ್ಲಿ ‘ಮಳೆ’ ಗುಂಪು ‘ಸ್ವಂತ’ ಗುಂಪಿಗಿಂತ ಅಷ್ಟೇನೂ ಹಿಂದೆ ಬೀಳಲಿಲ್ಲ. ಫಲಿತಾಂಶ ನೆನಪಿನ ಸಿದ್ಧಾಂತದ ಕಡೆಗೇ ವಾಲಿದೆ. ಆದರೆ ಕರೆಂಟ್ ಬಂದ ಮೇಲೂ ಮರಳಿ ಬಂದವರು ಮೊದಲೇ ಶ್ರದ್ಧೆಯವರು ಇರಬಹುದಲ್ವಾ ಅಂತ ಗೈಡ್ ಕೇಳಿದರು. ನ್ಯಾಯವಾದ ಪ್ರಶ್ನೆ.

ಮೊದಲ ಮತ್ತು ಎರಡನೇ ಪ್ರಯತ್ನದ ನಡುವೆ ಕಡ್ಡಾಯ ಬಿಡುವು ಇಡುವ ಸೆಟ್ಟಿಂಗ್ ಮೂಡಲ್‌ನಲ್ಲೇ ಇದೆ. ಗೈಡ್ ಪ್ರಶ್ನೆಗೆ ಉತ್ತರ ಹುಡುಕೋಕೆ ಈ ಸಲ ಒಂದು ಸೆಕ್ಷನ್‌ಗೆ ಒಂದು ದಿನ ಇಟ್ಟಿದ್ದೇನೆ, ಇನ್ನೊಂದಕ್ಕೆ ಇಲ್ಲ. ಅರ್ಧ ಸೆಮಿಸ್ಟರ್ ಆದ ಮೇಲೆ ಅದಲುಬದಲು. “ನಮಗೆ ಮಾತ್ರ ಯಾಕೆ ಸರ್ ಲಾಕು?” ಅಂತ ಮೊದಲ ಸೆಕ್ಷನ್‌ನವರು ಈಗಾಗಲೇ ಜಗಳ ತೆಗೆದಿದ್ದಾರೆ.